ಬಡಾವಣೆಯ ತೋಟಕ್ಕೆ ಅನುದಾನ: ಅರ್ಜಿ ಗೆಲ್ಲುವ ಸೂತ್ರಗಳು

ಬೆಂಗಳೂರಿನಂಥ ಊರಿನಲ್ಲಿ ನಾಲ್ಕು ಮನೆಯವರು ಸೇರಿ ಸೊಪ್ಪು, ತರಕಾರಿ ಬೆಳೆಯುತ್ತೇವೆ ಎಂದರೆ ಬೆನ್ನು ತಟ್ಟುವವರು ಬೇಕಾದಷ್ಟು ಜನ. ದುಡ್ಡು ಕೊಡುವವರು ಕೇಳುವುದು ಮೂರೇ ಪ್ರಶ್ನೆ: ಜಾಗ ಯಾರದು? ನೀರು ಎಲ್ಲಿಂದ? ಎರಡನೇ ವರ್ಷ ನೋಡಿಕೊಳ್ಳುವವರು ಯಾರು? ಈ ಮೂರಕ್ಕೂ ಉತ್ತರ ಸಿದ್ಧವಿಟ್ಟುಕೊಂಡೇ ಅರ್ಜಿ ಬರೆಯಲು ಕೂರಿ.

1. ಮೊದಲು ಜಾಗದ ಕಾಗದ. ಖಾಲಿ ಸೈಟಿನ ಮಾಲೀಕರು 'ಮಾಡ್ಕೊಳ್ಳಿ' ಎಂದು ಬಾಯಲ್ಲಿ ಹೇಳಿದ್ದು ಸಾಲದು; ಮೂರು ವರ್ಷಕ್ಕಾದರೂ ಒಪ್ಪಂದ ಬರೆಸಿಕೊಳ್ಳಿ. ಪಾರ್ಕಿನ ಮೂಲೆಯಾದರೆ ಪಾಲಿಕೆಯ ಲಿಖಿತ ಅನುಮತಿ ಬೇಕು. ಉದ್ಯಾನ, ಬಯಲು ಜಾಗಗಳ ರಕ್ಷಣೆಗೆ 1985ರ ರಾಜ್ಯ ಕಾಯ್ದೆಯೇ ಇದೆ. ಸರ್ಕಾರಿ ಶಾಲೆಯ ಹಿತ್ತಲಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಿರ್ಣಯದ ಪ್ರತಿ ಲಗತ್ತಿಸಿ.

2. ಸಂಘಕ್ಕೆ ನೋಂದಣಿ ಇರಲಿ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಪಡೆಯುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಮಾಡಿಸಿಕೊಂಡಿರಬೇಕು. ಆದಾಯ ತೆರಿಗೆಯ 12ಎ, 80ಜಿ ಮಾನ್ಯತೆ, ಇದೇ ಬಗೆಯ ಕೆಲಸದಲ್ಲಿ ಮೂರು ವರ್ಷದ ಅನುಭವವನ್ನೂ ಕೇಳುತ್ತಾರೆ. ನಿಮ್ಮದು ನಿನ್ನೆ ಮೊನ್ನೆ ಹುಟ್ಟಿದ ಸಂಘವೇ? ಇವೆಲ್ಲ ಇರುವ ಹಳೆಯ ಟ್ರಸ್ಟ್ ಒಂದರ ಜೊತೆ ಸೇರಿ ಅರ್ಜಿ ಹಾಕಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ವಿದೇಶಿ ಸಂಸ್ಥೆಯ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

3. ಹಣ ಕೊಡುವವರ ಪಟ್ಟಿಯ ಪದಗಳಲ್ಲೇ ಬರೆಯಿರಿ. ಸಿಎಸ್‌ಆರ್ ಹಣ ಯಾವ ಕೆಲಸಕ್ಕೆ ಎಂದು ಹೇಳುವ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ 'ತೋಟ' ಎಂಬ ಬಾಬ್ತು ಇಲ್ಲ. ಅಪೌಷ್ಟಿಕತೆ ನಿವಾರಣೆ, ಪರಿಸರ ಸಂರಕ್ಷಣೆ, ಮಣ್ಣು ನೀರಿನ ಗುಣಮಟ್ಟ ಇವೆ. ಪಕ್ಕದ ಅಂಗನವಾಡಿಗೆ ವಾರಕ್ಕೆ ಇಷ್ಟು ಸೊಪ್ಪು, ಇಷ್ಟು ಮನೆಗಳ ಹಸಿಕಸದಿಂದ ಇಷ್ಟು ಗೊಬ್ಬರ ಎಂದು ನೀವು ನಡೆಸಿಕೊಡಬಲ್ಲಷ್ಟನ್ನು ಮಾತ್ರ ಬರೆಯಿರಿ.

4. ನೀರಿನ ಲೆಕ್ಕ ತೋರಿಸಿ. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ ಎಂದು ನನ್ನ ಅನಿಸಿಕೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದನ್ನು ಹಣ ಕೊಡುವವರೂ ಕಂಡಿದ್ದಾರೆ. 'ಬೋರ್ ನೀರು ಬಳಸುತ್ತೇವೆ' ಎಂಬ ಸಾಲು ಅವರಿಗೆ ಧೈರ್ಯ ಕೊಡುವುದಿಲ್ಲ. ಸಾವಿರ ಚದರಡಿ ಛಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಅದರಲ್ಲಿ ಎಷ್ಟು ಹಿಡಿಯುತ್ತೀರಿ, ಟ್ಯಾಂಕ್ ಎಷ್ಟು ದೊಡ್ಡದು, ಡ್ರಿಪ್ ಪೈಪು ಎಲ್ಲೆಲ್ಲಿ, ಮಡಿಗಳ ಮೇಲೆ ಒಣ ಎಲೆ ಹೊದಿಸುತ್ತೀರೋ ಇಲ್ಲವೋ, ಮಾರ್ಚ್‌ನಿಂದ ಮೇವರೆಗೆ ಏನು ಗತಿ ಎಂಬುದನ್ನೆಲ್ಲ ಒಂದು ಪುಟದಲ್ಲಿ ಬಿಡಿಸಿ ಬರೆಯಿರಿ. ಕೈಯಲ್ಲಿ ಬಿಡಿಸಿದ ನಕ್ಷೆಯಾದರೂ ಸರಿ, ಜೊತೆಗಿರಲಿ.

5. ಮಣ್ಣು ಪರೀಕ್ಷೆ ಮಾಡಿಸಿ. ನಗರದ ಖಾಲಿ ಸೈಟುಗಳಲ್ಲಿ ಕಟ್ಟಡದ ಅವಶೇಷವೇ ಹೆಚ್ಚು. ತಿನ್ನುವ ಬೆಳೆಯಾದ್ದರಿಂದ ಸೀಸದಂಥ ಭಾರಲೋಹಗಳ ಪರೀಕ್ಷೆಯನ್ನೂ ಪ್ರತ್ಯೇಕವಾಗಿ ಕೇಳಿ ಮಾಡಿಸಿ, ವರದಿ ಲಗತ್ತಿಸಿ.

6. ಬಜೆಟ್ಟಿನಲ್ಲಿ ಮಾಲಿಯ ಸಂಬಳ ಮರೆಯಬೇಡಿ. ಗ್ರೋ ಬ್ಯಾಗ್, ಕೊಕೊಪೀಟ್, ಎರೆಗೊಬ್ಬರ, ಬೇಲಿ ಎಲ್ಲವನ್ನೂ ಕೊಟೇಶನ್ ಸಮೇತ ಬರೆದು, ಹಲವರು ದಿನಾ ನೀರು ಹಾಯಿಸುವವರನ್ನು 'ಸ್ವಯಂಸೇವಕರು' ಎಂದು ತೇಲಿಸಿಬಿಡುತ್ತಾರೆ. ಉತ್ಸಾಹ ಮೊದಲ ಬೇಸಿಗೆಯಲ್ಲೇ ಒಣಗುತ್ತದೆ. ದುಡಿಯುವವರಿಗೆ ಕೂಲಿ ಕೊಡಲೇಬೇಕು. ಅದು ನ್ಯಾಯವೂ ಹೌದು. ಬಡಾವಣೆಯವರ ಪಾಲು ಎಷ್ಟು ಎಂಬುದನ್ನೂ ನಮೂದಿಸಿ. ಪ್ರತಿ ಮನೆಯಿಂದ ತಿಂಗಳಿಗೆ ನೂರು ರೂಪಾಯಿ ಸೇರಿದರೂ ಅದಕ್ಕೆ ಬೆಲೆಯಿದೆ.

7. ಬೇಗ ಕೈಗೆ ಬರುವ ಬೆಳೆಯಿಂದ ಶುರುಮಾಡಿ. ಮೆಂತ್ಯ, ಹರಿವೆ ತಿಂಗಳೊಳಗೆ ಕೊಯ್ಲಿಗೆ ಬರುತ್ತವೆ. ಬೆಂಡೆಗೆ ಒಂದೂವರೆ ತಿಂಗಳು ಬೇಕು. ಅನುದಾನ ಕಂತಿನಲ್ಲಿ ಬರುವುದೇ ಹೆಚ್ಚು. ಎರಡನೇ ಕಂತು ಕೇಳುವ ಹೊತ್ತಿಗೆ ತೂಕ ಬರೆದಿಟ್ಟ ಪುಸ್ತಕ, ತಾರೀಕು ಹಾಕಿದ ಫೋಟೊ ನಿಮ್ಮ ಕೈಯಲ್ಲಿರಬೇಕು.

8. ಕಾಲ ನೋಡಿ ತಟ್ಟಿ. ಕಂಪನಿಗಳ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರವರಿಯಲ್ಲಿ ಓಡುವ ಬದಲು, ಮುಂದಿನ ವರ್ಷದ ಯೋಜನೆ ಹಾಕುವ ಹೊತ್ತಿಗೇ ಹೋಗಿ ಮಾತಾಡಿ, ತೋಟ ನೋಡಲು ಕರೆಯಿರಿ. ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಿ ಬರೆದುಕೊಳ್ಳಿ, ತಿದ್ದಿ ಮತ್ತೆ ಹಾಕಿ. ದುಡ್ಡು ಬರಲಿ ಎಂದು ಮಾತ್ರ ಕಾಯುತ್ತ ಕೂರಬೇಡಿ; ಎರಡು ಮಡಿ ಸೊಪ್ಪನ್ನು ಈ ವಾರವೇ ಬಿತ್ತಿ.