ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಮಗೂ, ಭೂವಿಜ್ಞಾನ ಓದಲು ಹೊರಟಿದ್ದೀಯ, ಸಂತೋಷ. ಕಣ್ಣು ಚುರುಕು, ಕಾಲು ಗಟ್ಟಿ. ಜೊತೆಗೆ ತಾಳ್ಮೆಯೂ ಇದ್ದಿದ್ದರೆ ನಿನ್ನನ್ನು ಹಿಡಿಯುವವರೇ ಇರುತ್ತಿರಲಿಲ್ಲ! ಕಲ್ಲು ಕೈಗೆ ಸಿಕ್ಕಿತೋ ಇಲ್ಲವೋ, ಅದರ ಜಾತಕ ಬರೆದು ಮುಗಿಸಿರುತ್ತೀಯ. ಅದಕ್ಕೇ ಬೆನ್ನಿಗೆ ಚೀಲ ಏರಿಸುವ ಮೊದಲು ಅರ್ಜೆಂಟೀನಾದ ಒಂದು ಸಂಗತಿ ಕೇಳಿಸಿಕೊಂಡು ಹೋಗು.

ಆ ದೇಶದ ವಾಯವ್ಯದಲ್ಲಿ ಲಾ ರಿಯೋಹಾ ಪ್ರಾಂತ್ಯವಿದೆ. ಅಲ್ಲಿನ ಕೆಂಪು ಪದರು ಶಿಲೆಗಳ ಒಂದು ಸಾಲಿಗೆ ಸಾಂಟೊ ಡೊಮಿಂಗೊ ಎಂದು ಹೆಸರಿಟ್ಟಿದ್ದರು. ಹಿಂದೆ ಅಲ್ಲಿ ಮಳೆ ಬಂದರಷ್ಟೇ ಹರಿಯುವ ಹೊಳೆಗಳಿದ್ದವು, ಪಕ್ಕದಲ್ಲಿ ಸಣ್ಣಪುಟ್ಟ ಹೊಂಡಗಳು. ಅವುಗಳ ಕೆಸರಿನಲ್ಲಿ ಮೂಡಿದ ಪುಟ್ಟ ಹೆಜ್ಜೆಗಳು ಕಲ್ಲಾಗಿ ಉಳಿದಿದ್ದವು. ಮುಂದಕ್ಕೆ ಅಗಲವಾಗಿ ಚಾಚಿದ ಮೂರು ಬೆರಳು, ಹಿಂದಕ್ಕೆ ತಿರುಗಿದ ಒಂದು. ಗದ್ದೆ ಬದುವಿನಲ್ಲಿ ಆಡಿ ಬೆಳೆದ ಮಗುವೂ ನೋಡಿದ ಕೂಡಲೇ ಹಕ್ಕಿ ಎನ್ನುತ್ತಿತ್ತು.

ಆದರೆ ತಾರೀಖು ಅಡ್ಡ ಬಂತು. ಆ ಸಾಲಿಗೇ ಸೇರಿದ್ದೆಂದು ಎಣಿಸಿದ ಬಸಾಲ್ಟನ್ನು ಆರ್ಗಾನ್ ವಿಧಾನದಲ್ಲಿ ಅಳೆದಾಗ ಸುಮಾರು 21 ಕೋಟಿ ವರ್ಷ ಎಂದಾಯಿತು. ಆದಿಹಕ್ಕಿ ಎನಿಸಿಕೊಂಡ ಆರ್ಕಿಯೊಪ್ಟೆರಿಕ್ಸ್‌ಗೇ ಸುಮಾರು 15 ಕೋಟಿ ವರ್ಷ. ಅದಕ್ಕಿಂತ ಹಿಂದೆ ಹಕ್ಕಿ ಎಲ್ಲಿಂದ ಬಂತು? 2002ರಲ್ಲಿ ರಿಕಾರ್ಡೊ ಮೆಲ್ಚೋರ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಇವು ಹಕ್ಕಿಯ ಕೆಲವು ಲಕ್ಷಣಗಳಿದ್ದ, ಇನ್ನೂ ಗುರುತು ಸಿಗದ ಡೈನೋಸಾರ್ ಗುಂಪೊಂದರ ಹೆಜ್ಜೆಗಳು. ಅಲ್ಲಿ ನೀನಿದ್ದಿದ್ದರೆ ಜಗತ್ತಿನ ಮೊದಲ ಹಕ್ಕಿ ಸಿಕ್ಕಿತೆಂದು ಡಂಗುರ ಸಾರಿಬಿಡುತ್ತಿದ್ದೆ. ಅವರು ಸಾರಲಿಲ್ಲ. ಕಂಡದ್ದನ್ನು ಕಂಡಂತೆ ಬರೆದು, ಹೆಸರಿಡುವಲ್ಲಿ ಕೈ ತಡೆದರು. ಆ ಸಂಯಮ ಕಲಿ.

ಪದರು ಶಿಲೆಗೆ ವಯಸ್ಸು ಕಟ್ಟುವುದು ಹುಡುಗಾಟವಲ್ಲ. ಅದರ ಮರಳು ಹಳೆಯ ಬೆಟ್ಟಗಳಿಂದ ಕೊಚ್ಚಿ ಬಂದದ್ದು. ಆ ಕಣಗಳನ್ನು ಅಳೆದರೆ ಬೆಟ್ಟದ ವಯಸ್ಸು ಸಿಕ್ಕೀತು, ಪದರಿನದು ಸಿಗದು. ಅದಕ್ಕೆ ಪದರುಗಳ ನಡುವೆ ಬಿದ್ದ ಜ್ವಾಲಾಮುಖಿ ಬೂದಿಯನ್ನು ಹುಡುಕಬೇಕು. ಅದರಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಜಿರ್ಕಾನ್ ಹರಳುಗಟ್ಟುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ನಿಧಾನವಾಗಿ ಕ್ಷಯಿಸಿ ಸೀಸವಾಗುತ್ತದೆ. ಎರಡರ ಪ್ರಮಾಣ ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ.

ಹೆಜ್ಜೆಗಳಿದ್ದ ಸಾಲಿನೊಳಗೇ ಇಂಥ ಬೂದಿ ಪದರು ಸಿಕ್ಕಿತು. ಅಳೆದು ನೋಡಿದರೆ ಸುಮಾರು 3.7 ಕೋಟಿ ವರ್ಷ, ಈಯೊಸೀನ್ ಯುಗದ ಕೊನೆಗಾಲ! 17 ಕೋಟಿಗೂ ಹೆಚ್ಚು ವರ್ಷ ಒಂದೇ ಏಟಿಗೆ ಕಳೆದುಹೋಯಿತು. ಆ ಹೊತ್ತಿಗೆ ಭೂಮಿಯ ಮೇಲೆ ಹಕ್ಕಿಗಳು ಧಾರಾಳವಾಗಿದ್ದವು. ಗುರುತು ಸಿಗದ ಡೈನೋಸಾರ್ ಬೇಕೇ ಆಗಲಿಲ್ಲ. ಹೆಜ್ಜೆ ಹಕ್ಕಿಯದೇ ಎಂದು ತೀರ್ಮಾನವಾಯಿತು.

ನಿನ್ನ ವಯಸ್ಸಿನವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರಯೋಗಾಲಯದಿಂದ ಅಂಕಿ ಬಂತೆಂದರೆ ಅದೇ ವೇದವಾಕ್ಯ. ಹಾಗೆ ಮಾಡಬೇಡ. ಆ ಕಲ್ಲಿನ ಚೂರನ್ನು ಎಲ್ಲಿಂದ ತಂದರು, ಅದರ ಮೇಲೇನಿದೆ, ಕೆಳಗೇನಿದೆ, ನಡುವೆ ಬಿರುಕು ಹಾದುಹೋಗಿದೆಯೇ ಎಂದು ವಿಚಾರಿಸು. ಆಂಡೀಸ್‌ನಂಥ ಜಾಗದಲ್ಲಿ ಭೂಮಿ ಪದರುಗಳನ್ನು ಮಡಚಿ, ಸೀಳಿ, ಹಳೆಯದನ್ನು ಹೊಸದರ ಪಕ್ಕಕ್ಕೇ ತಂದು ಕೂರಿಸಿರುತ್ತದೆ. ಕಣ್ಣು ಹೇಳುವುದಕ್ಕೂ ಅಂಕಿ ಹೇಳುವುದಕ್ಕೂ ತಾಳೆಯಾಗದಿದ್ದರೆ ಎರಡನ್ನೂ ಇನ್ನೊಮ್ಮೆ ನೋಡು.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ದೊಡ್ಡದು. 2013ರಲ್ಲಿ ಈ ತಿದ್ದುಪಡಿ ಬರೆದವರು ಯಾರು ಗೊತ್ತೇ? ಅದೇ ಮೆಲ್ಚೋರ್ ಮತ್ತು ಜೊತೆಗಾರರು. ಬರೆದದ್ದೂ ಅದೇ ‘ನೇಚರ್’ನಲ್ಲಿ. ಲೋಕಕ್ಕೆಲ್ಲ ಸಾರಿದ ಮಾತನ್ನು ಅದೇ ಅಂಗಳದಲ್ಲಿ ನಿಂತು ಹಿಂತೆಗೆದುಕೊಳ್ಳಲು ಗುಂಡಿಗೆ ಬೇಕು. ಅದರಿಂದ ಅವರ ಮಾನ ಹೋಗಲಿಲ್ಲ, ಅವರ ಮಾತಿನ ತೂಕ ಹೆಚ್ಚಿತು.

ಹೋಗಿ ಬಾ. ಬೂದಿ ಪದರು ಸಿಗುವ ತನಕ ಹುಡುಕು. ಸಿಗದೇ ಹೋದರೆ ವಯಸ್ಸು ತಿಳಿದಿಲ್ಲ ಎಂದು ನೇರವಾಗಿ ಬರೆ. ನಿನ್ನ ಹೆಸರು ಮೂರು ದಿನ ತಡವಾಗಿ ಬಂದರೂ ಚಿಂತೆಯಿಲ್ಲ, ಗಟ್ಟಿಯಾಗಿ ನಿಲ್ಲಲಿ.