ಟೆಲಿವಿಷನ್ನಿಗೆ ಹಾರ್ಡ್ ಡಿಸ್ಕ್ ಏಕೆ ಕಾಣಿಸುವುದಿಲ್ಲ?

ಮದುವೆ, ಉಪನಯನಗಳ ವೀಡಿಯೊಗಳನ್ನು ಕಂಪ್ಯೂಟರಿನಿಂದ ಹಾರ್ಡ್ ಡಿಸ್ಕಿಗೆ ತುಂಬಿ, ಅದನ್ನು ಟೆಲಿವಿಷನ್ನಿಗೆ ಜೋಡಿಸಿ, ಮನೆಮಂದಿಯೆಲ್ಲ ಕುಳಿತು ನೋಡುವುದು ಈಗ ಅನೇಕ ಮನೆಗಳಲ್ಲಿ ರೂಢಿಯಾಗಿದೆ. ಆದರೆ ಎಷ್ಟೋ ಸಲ ಎಲ್ಲರೂ ಕುಳಿತಾದ ಮೇಲೆ ಟೆಲಿವಿಷನ್ ಏನನ್ನೂ ಕಾಣದಂತೆ ಸುಮ್ಮನಿರುತ್ತದೆ. ಇಲ್ಲವೆ, ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳುತ್ತದೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ಈ ಪ್ರಶ್ನೆಗೆ ‘ಆಗಲಿ’ ಎಂಬ ಉತ್ತರ ಸಂದಿತು. ಹನ್ನೆರಡು ವರ್ಷಗಳ ಚಿತ್ರಗಳು ಒಂದು ಗುಂಡಿಯನ್ನೊತ್ತಿದ ಮಾತ್ರಕ್ಕೆ ಮರೆಯಾದುವು. ಡಿಸ್ಕು ಕೆಟ್ಟಿರಲಿಲ್ಲ, ಟೆಲಿವಿಷನ್ನೂ ಕೆಟ್ಟಿರಲಿಲ್ಲ. ಹಾಗಾದರೆ ತೊಡಕು ಎಲ್ಲಿತ್ತು? ಇದನ್ನು ಈಗ ವಿಚಾರ ಮಾಡೋಣ.

ಟೆಲಿವಿಷನ್ ಡಿಸ್ಕನ್ನು ಗುರುತಿಸಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು. ಮೊದಲನೆಯದಾಗಿ ಡಿಸ್ಕು ತಿರುಗಬೇಕು. ಎರಡನೆಯದಾಗಿ ಅದರ ಮೇಲಿನ ಬರಹ ಟೆಲಿವಿಷನ್ನಿಗೆ ಅರ್ಥವಾಗಬೇಕು.

ತಿರುಗುವ ವಿಷಯವನ್ನು ಮೊದಲು ನೋಡೋಣ. ಎರಡೂವರೆ ಅಂಗುಲದ ಸಣ್ಣ ಡಿಸ್ಕಿಗೆ ಬೇರೆ ವಿದ್ಯುತ್ ತಂತಿಯಿಲ್ಲ, ಯು.ಎಸ್.ಬಿ. ತಂತಿಯಲ್ಲಿ ಬರುವ ೫ ವೋಲ್ಟಿನ ವಿದ್ಯುತ್ತೇ ಅದರ ಆಹಾರ. ಯು.ಎಸ್.ಬಿ. ೨.೦ ಕ್ರಮದ ಕಿಂಡಿ ೫೦೦ ಮಿಲಿಆಂಪಿಯರುಗಳನ್ನು, ಎಂದರೆ ೨.೫ ವ್ಯಾಟುಗಳನ್ನು ಒದಗಿಸಬೇಕೆಂಬುದು ನಿಯಮ, ೩.೦ ಕ್ರಮದ್ದು ೯೦೦ ಮಿಲಿಆಂಪಿಯರುಗಳನ್ನು, ಎಂದರೆ ೪.೫ ವ್ಯಾಟುಗಳನ್ನು ಒದಗಿಸಬೇಕು. ನಿಂತ ಬೀಸುಕಲ್ಲನ್ನು ಮೊದಲು ಕದಲಿಸಲು ಹೆಚ್ಚು ಬಲ ಬೇಕು, ತಿರುಗತೊಡಗಿದ ಮೇಲೆ ಅಷ್ಟು ಬೇಡವಷ್ಟೆ. ನಿಮಿಷಕ್ಕೆ ೫,೪೦೦ ಸುತ್ತು ತಿರುಗಬೇಕಾದ ಡಿಸ್ಕಿನ ಪಾಡೂ ಇದೇ. ಆರಂಭದ ಆ ಕ್ಷಣದಲ್ಲಿ ವಿದ್ಯುತ್ತು ಸಾಲದಿದ್ದರೆ, ದೀಪವೇನೋ ಹೊತ್ತಿಕೊಳ್ಳುತ್ತದೆ, ಡಿಸ್ಕು ಮಾತ್ರ ಮೇಲೇಳಲಾರದೆ ಟಿಕ್ ಟಿಕ್ ಎನ್ನುತ್ತದೆ. ಮೂರೂವರೆ ಅಂಗುಲದ ದೊಡ್ಡ ಡಿಸ್ಕಿಗೆ ೧೨ ವೋಲ್ಟು ಬೇಕಾದುದರಿಂದ ಅದಕ್ಕೆ ತನ್ನದೇ ಆದ ಅಡಾಪ್ಟರ್ ಇಲ್ಲದೆ ಗತಿಯಿಲ್ಲ.

ಈ ಕೊರತೆಗೆ ಪರಿಹಾರ ಸುಲಭ. ಡಿಸ್ಕಿನೊಡನೆ ಬಂದ ಗಿಡ್ಡ ತಂತಿಯನ್ನೇ ಬಳಸಬೇಕು. ಟೆಲಿವಿಷನ್ನಿನಲ್ಲಿ ‘ಹಾರ್ಡ್ ಡಿಸ್ಕ್’ ಎಂದು ಗುರುತು ಮಾಡಿದ ಕಿಂಡಿಯಿದ್ದರೆ ಅದಕ್ಕೇ ಜೋಡಿಸಬೇಕು. ಅಷ್ಟಕ್ಕೂ ಆಗದಿದ್ದರೆ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುವ ಯು.ಎಸ್.ಬಿ. ಹಬ್ ಒಂದನ್ನು ನಡುವೆ ಇಡಬಹುದು.

ಇನ್ನು ಬರಹದ ವಿಷಯ. ಡಿಸ್ಕಿನಲ್ಲಿ ಕಡತಗಳಿರುವಂತೆ, ಯಾವ ಕಡತ ಎಲ್ಲಿದೆಯೆಂದು ತಿಳಿಸುವ ಒಂದು ಖಾತೆಯೂ ಇರುತ್ತದೆ. ಈ ಖಾತೆಯನ್ನು ಬರೆಯುವ ಪದ್ಧತಿಗಳು ಹಲವು. ವಿಂಡೋಸ್ ಕಂಪ್ಯೂಟರುಗಳಲ್ಲಿ ೧೯೯೩ರಿಂದ ಬಂದ ಎನ್.ಟಿ.ಎಫ್.ಎಸ್. ಒಂದು; ೧೯೯೬ರ ಫ್ಯಾಟ್-೩೨ ಮತ್ತೊಂದು; ೨೦೦೬ರ ಎಕ್ಸ್-ಫ್ಯಾಟ್ ಇನ್ನೊಂದು. ಆಪಲ್ ಕಂಪ್ಯೂಟರುಗಳು ೨೦೧೭ರಿಂದ ಎ.ಪಿ.ಎಫ್.ಎಸ್. ಎಂಬುದನ್ನು ಬಳಸುತ್ತಿವೆ. ಮೋಡಿ ಲಿಪಿಯಲ್ಲಿ ಬರೆದ ಹಳೆಯ ಜಮೀನಿನ ಖಾತೆಯನ್ನು ಆ ಲಿಪಿ ಬಾರದ ಅಧಿಕಾರಿಯ ಮುಂದಿಟ್ಟರೆ ಏನಾದೀತು? ಹೊಲವಿದೆ, ಒಡೆಯನಿದ್ದಾನೆ, ಖಾತೆಯೂ ಇದೆ. ಆದರೆ ಅಧಿಕಾರಿಗೆ ಅದು ಬರಿಯ ಗೀಚು. ಎ.ಪಿ.ಎಫ್.ಎಸ್. ಡಿಸ್ಕನ್ನು ಕಂಡ ಟೆಲಿವಿಷನ್ನಿನ ಸ್ಥಿತಿ ಸಾಮಾನ್ಯವಾಗಿ ಇದೇ. ಎಕ್ಸ್-ಫ್ಯಾಟಿನ ಪೂರ್ಣ ವಿವರಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಎಲ್ಲರಿಗೂ ಪ್ರಕಟಿಸಿದುದು ೨೦೧೯ರಲ್ಲಿ. ಆದುದರಿಂದ ಅದಕ್ಕೂ ಹಿಂದಿನ ಅನೇಕ ಟೆಲಿವಿಷನ್ನುಗಳು ಆ ಪದ್ಧತಿಯನ್ನು ಅರಿಯವು.

ಫ್ಯಾಟ್-೩೨ ಪದ್ಧತಿಯನ್ನು ಬಹುಮಟ್ಟಿಗೆ ಎಲ್ಲ ಟೆಲಿವಿಷನ್ನುಗಳೂ ಓದಬಲ್ಲವು. ಆದರೆ ಅದಕ್ಕೊಂದು ಮಿತಿಯುಂಟು. ಕಡತದ ಗಾತ್ರವನ್ನು ಬರೆಯಲು ಅದರಲ್ಲಿ ೩೨ ಬಿಟ್ಟುಗಳಷ್ಟೇ ಸ್ಥಳವಿರುವುದರಿಂದ, ೪,೨೯,೪೯,೬೭,೨೯೫ ಬೈಟುಗಳಿಗಿಂತ ದೊಡ್ಡದಾದ ಯಾವ ಕಡತವನ್ನೂ ಅದು ಹಿಡಿಸಿಕೊಳ್ಳಲಾರದು. ದೀರ್ಘವಾದ ಮದುವೆಯ ವೀಡಿಯೊ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ.

ಹೀಗಿರಲು, ಟೆಲಿವಿಷನ್ ಕೇಳುವ ಪ್ರಶ್ನೆಯ ನಿಜವಾದ ಅರ್ಥವೇನು? ‘ಈ ಖಾತೆ ನನಗೆ ಓದಲು ಬಾರದು, ಇದನ್ನು ತೆಗೆದುಹಾಕಿ, ನನಗೆ ಬರುವ ಲಿಪಿಯಲ್ಲಿ ಹೊಸ ಖಾತೆ ತೆರೆಯಲೆ?’ ಎಂದೇ ಅದು ಕೇಳುತ್ತಿದೆ. ಒಪ್ಪಿದರೆ ಹಳೆಯ ಖಾತೆ ಹೋಗುತ್ತದೆ. ಅದರೊಡನೆ ಕಡತಗಳ ಹೆಸರೂ ನೆಲೆಯೂ ಹೋಗುತ್ತವೆ. ಆದ್ದರಿಂದ ನಮ್ಮ ಮೊದಲನೆಯ ನಿಯಮ ಇದು: ಟೆಲಿವಿಷನ್ ಫಾರ್ಮ್ಯಾಟ್ ಮಾಡಲೆಂದು ಕೇಳಿದಾಗ ‘ಬೇಡ’ ಎಂದು ಹೇಳಿ, ಡಿಸ್ಕನ್ನು ಕಳಚಬೇಕು.

ಬಳಿಕ ಅದನ್ನು ಕಂಪ್ಯೂಟರಿಗೆ ಜೋಡಿಸಿ ನೋಡೋಣ. ಅಲ್ಲಿಯೂ ಟಿಕ್ ಟಿಕ್ ಸದ್ದು ಬಂದು ಡಿಸ್ಕು ತೆರೆಯದಿದ್ದರೆ, ಡಿಸ್ಕೇ ಕೆಡುತ್ತಿರಬಹುದು. ಮತ್ತೆ ಮತ್ತೆ ಓಡಿಸದೆ ಬಲ್ಲವರಿಗೆ ಒಪ್ಪಿಸುವುದು ಲೇಸು. ಅಲ್ಲಿ ಸರಿಯಾಗಿ ತೆರೆದರೆ, ಅದು ಯಾವ ಪದ್ಧತಿಯಲ್ಲಿದೆಯೆಂದು ಅದರ ‘ಪ್ರಾಪರ್ಟೀಸ್’ ಎಂಬಲ್ಲಿ ನೋಡಿ, ಟೆಲಿವಿಷನ್ನಿನ ಕೈಪಿಡಿಯಲ್ಲಿ ಹೇಳಿರುವ ಪದ್ಧತಿಗಳೊಡನೆ ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ವಿದ್ಯುತ್ತಿನ ಕೊರತೆಯನ್ನು ಶಂಕಿಸಬೇಕು. ಬೇರೆಯಾಗಿದ್ದರೆ, ಎಲ್ಲ ಕಡತಗಳನ್ನೂ ಇನ್ನೊಂದೆಡೆಗೆ ನಕಲು ಮಾಡಿ, ಆ ನಕಲು ತೆರೆಯುವುದೇ ಎಂದು ಪರೀಕ್ಷಿಸಿ, ಆಮೇಲೆ ಮಾತ್ರ ಡಿಸ್ಕನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು. ಟೆಲಿವಿಷನ್ ಒಪ್ಪುವುದಾದರೆ ಎಕ್ಸ್-ಫ್ಯಾಟ್ ಅನುಕೂಲ. ದೊಡ್ಡ ಕಡತಗಳಿಗೂ ಅದರಲ್ಲಿ ಅಡ್ಡಿಯಿಲ್ಲ. ಇಷ್ಟಾದ ಮೇಲೆ ಕಡತದ ಹೆಸರು ಕಾಣಿಸಿ ಚಿತ್ರ ಮಾತ್ರ ಓಡದಿದ್ದರೆ, ಡಿಸ್ಕನ್ನು ದೂರಬೇಕಾಗಿಲ್ಲ. ಆ ವೀಡಿಯೊವನ್ನು ಅಡಕಗೊಳಿಸಿದ ಕ್ರಮ ಟೆಲಿವಿಷನ್ನಿಗೆ ತಿಳಿಯದೆಂದು ಭಾವಿಸಬೇಕು.

ನಮ್ಮ ಬಂಧುಗಳು ಒಂದು ಜಾಣತನ ಮಾಡಿದ್ದರು. ತಪ್ಪು ತಿಳಿದೊಡನೆ ಡಿಸ್ಕನ್ನು ಕಳಚಿಟ್ಟರು. ಅದರ ಮೇಲೆ ಹೊಸದೇನನ್ನೂ ಬರೆಯಲಿಲ್ಲ. ಖಾತೆ ಸುಟ್ಟರೂ ಹೊಲ ಉಳಿದಿತ್ತಾದುದರಿಂದ ಬಲ್ಲವರೊಬ್ಬರು ಬಹುಪಾಲು ಚಿತ್ರಗಳನ್ನು ಹುಡುಕಿ ತೆಗೆದರು. ಆದರೆ ಅವುಗಳಿಗೆ ಹೆಸರಿರಲಿಲ್ಲ, ವರ್ಷದ ವಿಂಗಡಣೆಯೂ ಇರಲಿಲ್ಲ. ಯಾವ ಚಿತ್ರ ಯಾವ ಹಬ್ಬದ್ದೆಂದು ಮನೆಯ ಹಿರಿಯರು ಇಂದಿಗೂ ಒಂದೊಂದಾಗಿ ಗುರುತಿಸುತ್ತಿದ್ದಾರೆ. ಒಂದು ನಕಲು ಬೇರೆಡೆ ಇದ್ದಿದ್ದರೆ ಈ ಶ್ರಮವೆಲ್ಲ ತಪ್ಪುತ್ತಿತ್ತು.