ರಜೆಯಲ್ಲಿ ದುಡಿಮೆ: ಊರಲ್ಲೇ ಹುಡುಕಿ, ಮೊದಲೇ ಮಾತಾಡಿಕೊಳ್ಳಿ

ಪರೀಕ್ಷೆ ಮುಗಿಯುತ್ತಿದ್ದಂತೆ ಬ್ಯಾಗು ಹೆಗಲಿಗೇರಿಸಿ ಬೆಂಗಳೂರಿನ ರೈಲು ಹತ್ತುವ ಕಾಲೇಜು ಮಕ್ಕಳು ಕಡೂರು, ಬೀರೂರು ನಿಲ್ದಾಣಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಸಿಗುತ್ತಾರೆ. ಒಂದೆರಡು ತಿಂಗಳ ಕೆಲಸಕ್ಕೆ ಹೋದವರ ದುಡ್ಡು ಪಿ.ಜಿ. ಬಾಡಿಗೆ, ಅದರ ಮುಂಗಡ, ಹೋಟೆಲ್ ಊಟಕ್ಕೇ ಕರಗಿಹೋಗುತ್ತದೆ. ಮನೆಯ ಊಟ ಉಂಡುಕೊಂಡು ಊರಲ್ಲೇ ದುಡಿದರೆ ಸಂಬಳ ಕಡಿಮೆಯಾದರೂ ಕೈಯಲ್ಲಿ ಉಳಿಯುವುದು ಹೆಚ್ಚು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಬೇಸಿಗೆಗೆ ಕೆಲಸವಿದೆ. ಅದನ್ನು ಕೇಳಿ ಪಡೆಯುವ ಕ್ರಮ ಗೊತ್ತಿರಬೇಕು, ಅಷ್ಟೆ.

ಮೊದಲು ದಿನಗಳ ಲೆಕ್ಕ ಹಾಕಿ. ಸೆಮಿಸ್ಟರ್ ಬಂದ ಮೇಲೆ ಪದವಿ ಕಾಲೇಜುಗಳ ರಜೆ ಏಪ್ರಿಲ್-ಮೇ ತಿಂಗಳಲ್ಲೇ ಬರುತ್ತದೆ ಎನ್ನುವಂತಿಲ್ಲ. ಕುವೆಂಪು ವಿಶ್ವವಿದ್ಯಾಲಯದ ವೇಳಾಪಟ್ಟಿಯನ್ನು ಕಾಲೇಜಿನ ಕಚೇರಿಯಲ್ಲಿ ನೋಡಿ, ಪರೀಕ್ಷೆ ಬರೆಯಬೇಕಾದ ಬಾಕಿ ವಿಷಯಗಳಿದ್ದರೆ ಆ ದಿನಗಳನ್ನು ಕಳೆದು, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಬರಬಲ್ಲೆ ಎಂದು ಕೆಲಸ ಕೊಡುವವರಿಗೆ ಮೊದಲೇ ಹೇಳಿ. ಅರ್ಧಕ್ಕೆ ಬಿಟ್ಟುಹೋಗುವ ಹುಡುಗರ ಕಾಟಕ್ಕೆ ಬೇಸತ್ತ ಅಂಗಡಿಯವರಿಗೆ ಈ ಒಂದು ಮಾತು ತುಂಬ ಹಿಡಿಸುತ್ತದೆ.

ಮುಂದಿನದು ಕೆಲಸದ ಆಯ್ಕೆ. ಎಲ್ಲಕ್ಕಿಂತ ಬೇಗ ಸಿಗುವುದು ಮದುವೆ ಛತ್ರದಲ್ಲಿ ಬಡಿಸುವ ಕೆಲಸ. ಅಡುಗೆ ಕಂಟ್ರಾಕ್ಟರನ್ನು ಹುಡುಕಿಕೊಂಡು ಛತ್ರಕ್ಕೇ ಹೋಗಿ, ಊಟದ ಗಡಿಬಿಡಿ ಮುಗಿದ ಮೇಲೆ ಮಾತಾಡಿ. ಎಲೆಯ ಕಿರಿದಾದ ತುದಿ ಉಣ್ಣುವವರ ಎಡಕ್ಕೆ ಬರಬೇಕು, ಉಪ್ಪು-ಉಪ್ಪಿನಕಾಯಿ ಎಡತುದಿಗೆ, ಪಲ್ಯ-ಕೋಸಂಬರಿ ಎಲೆಯ ಮೇಲ್ಭಾಗಕ್ಕೆ, ಅನ್ನ ನಡುವೆ. ಇಷ್ಟನ್ನು ಮನೆಯಲ್ಲೇ ಅಮ್ಮನ ಕೈಲಿ ಕೇಳಿ ಕಲಿತು ಹೋದರೆ ಮೊದಲ ದಿನ ಬಯ್ಗುಳ ತಪ್ಪುತ್ತದೆ. ಬಿಸಿ ಸಾರಿನ ಬಕೆಟ್ ಹಿಡಿದು ಓಡಬಾರದು, ಜಾರುವ ಚಪ್ಪಲಿ ಬೇಡ. ಪಂಚಾಂಗವನ್ನೂ ನೋಡಿಕೊಳ್ಳಿ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಅಧಿಕ ಮಾಸದಲ್ಲಿ ಸಾಮಾನ್ಯವಾಗಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಬಡಿಸುವ ಕೆಲಸವನ್ನೇ ನೆಚ್ಚಿಕೊಂಡವರ ದುಡಿಮೆ ಅದಕ್ಕೆ ಮೊದಲೇ ಆಗಬೇಕು.

ಕಡೂರು ಕಡೆಯವರಿಗೆ ತೆಂಗು ಇದೆ. ಅಟ್ಟದಲ್ಲಿ ಹತ್ತು-ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ತೆಗೆಯುವುದು ಪಳಗಿದ ಕೈಗಳ ಕೆಲಸ, ವಿದ್ಯಾರ್ಥಿಗೆ ಒಂದೇ ದಿನದಲ್ಲಿ ಬಾರದು. ಆದರೆ ಕಾಯಿ ಎಣಿಸಿ ಬರೆದುಕೊಳ್ಳಲು, ಗಾತ್ರ ನೋಡಿ ಆರಿಸಲು, ತೂಕದ ಚೀಟಿ ಬರೆಯಲು, ಲೆಕ್ಕ ಕಂಪ್ಯೂಟರಿಗೆ ಹಾಕಲು ತೋಟದವರಿಗೂ ವ್ಯಾಪಾರಿಗಳಿಗೂ ಜನ ಬೇಕು. ಬಿ.ಕಾಂ. ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ತರಗತಿಯಲ್ಲಿ ಸಿಗದು ಎಂದೇ ನನ್ನ ನಂಬಿಕೆ. ಮರ ಹತ್ತುವ ಧೈರ್ಯವಿದ್ದರೆ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಸ್ನೇಹಿತರು’ ತರಬೇತಿಯ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಯಂತ್ರದ ನೆರವಿನಿಂದ ಹತ್ತುವುದನ್ನು ಅಲ್ಲಿ ಆರು ದಿನ ಕಲಿಸುತ್ತಾರೆ. ಕಾಯಿ ಕೀಳುವವರಿಗೆ ಎಲ್ಲ ಊರಲ್ಲೂ ಬರ. ಈ ಕಸುಬು ಕಲಿತವರು ಕಾಲೇಜಿನ ಭಾನುವಾರಗಳಲ್ಲೂ ದುಡಿಯಬಹುದು.

ಮೇ ಕೊನೆಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ, ಸಮವಸ್ತ್ರದ ಅಂಗಡಿಗಳಲ್ಲಿ ಕೈಗಳು ಸಾಲವು. ಜಾತಿ, ಆದಾಯ ಪ್ರಮಾಣಪತ್ರದ ಅರ್ಜಿಗಳು ಗ್ರಾಮ ಒನ್ ಕೇಂದ್ರಗಳಲ್ಲಿ ರಾಶಿ ಬೀಳುವುದೂ ಆಗಲೇ, ಕನ್ನಡ ಟೈಪಿಂಗ್ ಬಲ್ಲವರು ಅಲ್ಲಿ ಕೇಳಿ. ಬೆಳೆ ಸಮೀಕ್ಷೆಗೆ ಕೃಷಿ ಇಲಾಖೆ ಊರಿನ ಯುವಕರನ್ನು ಖಾಸಗಿ ನಿವಾಸಿಗಳೆಂದು ತೆಗೆದುಕೊಂಡು ತಾಕಿಗಿಷ್ಟು ಎಂದು ಹಣ ಕೊಡುತ್ತದೆ. ಹೊಲದ ದಾರಿ ಬಲ್ಲ ಅಜ್ಜಂಪುರ, ಶಿವನಿ ಕಡೆಯ ಹುಡುಗರು ರೈತ ಸಂಪರ್ಕ ಕೇಂದ್ರದಲ್ಲಿ ಈಗಲೇ ಹೆಸರು ಕೊಟ್ಟಿಡುವುದು ಒಳ್ಳೆಯದು.

ಓಡಾಟದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೀರೂರು ಜಂಕ್ಷನ್ನಿನಲ್ಲಿ ಹಳಿ ಕವಲೊಡೆದು ಒಂದು ತರೀಕೆರೆಗೂ ಇನ್ನೊಂದು ಅಜ್ಜಂಪುರಕ್ಕೂ ಹೋಗುತ್ತದೆ. ದಿನಾ ಹೋಗಿಬರುವವರಿಗೆ ರೈಲಿನ ತಿಂಗಳ ಪಾಸು ಅಗ್ಗ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವೇ ಇಲ್ಲ. ಆದರೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ನೋಡಿಕೊಂಡೇ ಕೆಲಸದ ವೇಳೆ ಒಪ್ಪಿಕೊಳ್ಳಿ.

ಕೂಲಿಯ ಮಾತು ಮೊದಲ ದಿನವೇ ಆಗಿಬಿಡಬೇಕು. ‘ಮನೆ ಹುಡುಗ, ನೋಡಿ ಕೊಡ್ತೀನಿ ಬಾರಪ್ಪ’ ಎಂಬ ಮಾತಿಗೆ ತಲೆಯಾಡಿಸಿ ಬಂದವರು ಕೊನೆಗೆ ಎಷ್ಟು ಕೇಳಬೇಕೆಂದು ತಿಳಿಯದೆ ನಿಲ್ಲುತ್ತಾರೆ. ದಿನಕ್ಕೋ, ಹೊತ್ತಿನ ಊಟಕ್ಕೋ, ಸಾವಿರ ಕಾಯಿಗೋ? ಬಟವಾಡೆ ವಾರಕ್ಕೋ ತಿಂಗಳಿಗೋ? ಊಟ ಅವರದೋ ನಿಮ್ಮದೋ? ‘ಅಣ್ಣ, ದಿನಕ್ಕೆ ಎಷ್ಟು ಅಂತ ಹೇಳಿಬಿಡಿ, ಮನೇಲಿ ಕೇಳ್ತಾರೆ’ ಎಂದು ನಯವಾಗಿ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ಒಪ್ಪಿದ್ದನ್ನು ಅವರ ವಾಟ್ಸ್ಆ್ಯಪ್‌ಗೆ ಒಂದು ಸಾಲು ಬರೆದು ಕಳಿಸಿ. ದುಡಿದ ದಿನ, ಪಡೆದ ಹಣ ಎರಡನ್ನೂ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ.

ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಕೆಲಸ ಕೊಡಿಸಲು ಠೇವಣಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೊಬೈಲಿಗೆ ಬರುವ ‘ಮನೆಯಲ್ಲೇ ಕೂತು ಸಂಪಾದಿಸಿ’ ಎಂಬ ಸಂದೇಶಗಳಲ್ಲಿ ಬಹುಪಾಲು ಮೋಸ. ನಿಮ್ಮ ಬ್ಯಾಂಕ್ ಖಾತೆಯನ್ನು ಬಳಸಲು ಕೊಟ್ಟರೆ ಕಮಿಷನ್ ಎನ್ನುವವರಂತೂ ಮಹಾ ಅಪಾಯ, ಕಳ್ಳಹಣ ಹಾದುಹೋದರೆ ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸಂಬಳಕ್ಕೆಂದು ಹೊಸ ಖಾತೆ ತೆರೆಯುವವರು ಇನ್ನೊಂದನ್ನು ಗಮನಿಸಿ: ವಿದ್ಯಾರ್ಥಿವೇತನ ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ. ಹೊಸ ಖಾತೆಗೆ ಆಧಾರ್ ಜೋಡಿಸಿದರೆ ಆ ಹಣವೂ ಅತ್ತ ಹೋಗಬಹುದು.

ವಾರಕ್ಕೊಂದು ದಿನ ಪೂರ್ತಿ ನಿಮ್ಮದಾಗಿರಲಿ. ತರೀಕೆರೆಗೆ ಹತ್ತಿರದ ಅಮೃತಾಪುರಕ್ಕೆ ಬೆಳಿಗ್ಗೆಯೇ ಹೋಗಿ. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಅಲ್ಲಿನ ಗುಡಿಯ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಕಥಾಫಲಕಗಳಿವೆ. ದಕ್ಷಿಣದ 70ರಲ್ಲಿ ರಾಮಾಯಣ, ಉತ್ತರದಲ್ಲಿ ಕೃಷ್ಣಕಥೆ ಮತ್ತು ಮಹಾಭಾರತ. ರಾಮಾಯಣದ ಸಾಲು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ ಸಾಗುವುದರಿಂದ ಅದನ್ನು ಅಪ್ರದಕ್ಷಿಣೆಯಾಗಿ ನಡೆಯುತ್ತ ಓದಬೇಕು. ಅಲ್ಲಿನ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ಕಡೂರಿನವರಿಗೆ ಕವಿ ಲಕ್ಷ್ಮೀಶನ ದೇವನೂರು ಇದ್ದೇ ಇದೆ. ಅಜ್ಜಂಪುರದವರು ತಮ್ಮೂರಿನ ಕಥೆಗಾರ ಆನಂದರ ‘ನಾನು ಕೊಂದ ಹುಡುಗಿ’ಯನ್ನು ಗ್ರಂಥಾಲಯದಿಂದ ತಂದು ಓದಿ, ಒಂದೇ ಮಧ್ಯಾಹ್ನ ಸಾಕು. ಬಾಸೂರು ಕಾವಲಿನ ಕೃಷ್ಣಮೃಗ ನೋಡುವ ಆಸೆಯಿದ್ದರೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಭದ್ರಾ ಹಿನ್ನೀರು, ನಾಲೆ, ಮದಗದ ಕೆರೆ ಎಲ್ಲೇ ಆಗಲಿ, ಎಷ್ಟೇ ಸೆಕೆಯಿರಲಿ, ಈಜಲು ಇಳಿಯಬೇಡಿ. ಬೇಸಿಗೆ ರಜೆಯಲ್ಲಿ ನೀರಿಗೆ ಬಿದ್ದು ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮ ಸುತ್ತಮುತ್ತಲೇ ಇವೆ.

ದುಡಿಮೆಯ ಜೊತೆಗೆ ವಾಹನ ಓಡಿಸುವ ಪರವಾನಗಿಯನ್ನೂ ಮಾಡಿಸಿಕೊಳ್ಳಬಹುದು. ಹದಿನೆಂಟು ತುಂಬಿದವರು ರಜೆಯ ಮೊದಲ ವಾರವೇ ತರೀಕೆರೆಯ ಸಾರಿಗೆ ಕಚೇರಿಗೆ ಕಲಿಕಾ ಪರವಾನಗಿಗೆ (ಎಲ್‌ಎಲ್) ಅರ್ಜಿ ಹಾಕಿ. ಅದು ಸಿಕ್ಕಿ 30 ದಿನ ಕಳೆದ ಮೇಲಷ್ಟೇ ಚಾಲನಾ ಪರವಾನಗಿ (ಡಿಎಲ್) ಪರೀಕ್ಷೆಗೆ ಅವಕಾಶ. ತಡಮಾಡಿದರೆ ಪರೀಕ್ಷೆಯ ದಿನವೂ ತರಗತಿಯೂ ಒಟ್ಟಿಗೆ ಬಂದು ಕೂರುತ್ತವೆ.